ಆ ಟಿಕೆಟ್ ದುಡ್ಡು ಯಾರಿಗೆ ಹೋಗುತ್ತದೆ?

ಪ್ರಶ್ನೆ: ನಮಸ್ಕಾರ ಸರ್. ಅಂಕೋರ್ ವಾಟ್ ನೋಡೋಣ ಅಂತ ಈ ಸಲ ರಜೆಗೆ ಮನೆಯವರೆಲ್ಲ ಕಾಂಬೋಡಿಯಾಕ್ಕೆ ಹೋಗಿದ್ದೆವು. ನೋಮ್ ಪೆನ್‌ನಲ್ಲಿ ಟುಕ್‌ಟುಕ್‌ನವನು ಕೇಳಿದ ಮೊದಲ ಮಾತೇ ‘ಕಿಲ್ಲಿಂಗ್ ಫೀಲ್ಡ್ಸ್?’ ಅಂತ. ಹೋದೆವು. ಟಿಕೆಟ್, ಕಿವಿಗೆ ಹಾಕಿಕೊಳ್ಳುವ ಆಡಿಯೋ ಎರಡೂ ಸೇರಿ ತಲೆಗೆ ಆರು ಡಾಲರ್. ಗಾಜಿನ ಹಿಂದೆ ತಲೆಬುರುಡೆಗಳ ರಾಶಿ, ಹೊರಗೆ ಬಂದರೆ ಅಂಗಡಿ. ತುವೋಲ್ ಸ್ಲೆಂಗ್ ಜೈಲಿನಲ್ಲಿ ಬದುಕುಳಿದ ಅಜ್ಜ ಒಬ್ಬರು ಮೇಜು ಹಾಕಿಕೊಂಡು ಪುಸ್ತಕ ಮಾರುತ್ತಿದ್ದರು, ಜನ ಅವರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನಗೆ ಒಂಥರಾ ಕಸಿವಿಸಿ ಆಯಿತು. ಇದು ಸತ್ತವರ ಹೆಸರಲ್ಲಿ ವ್ಯಾಪಾರ ಅಲ್ವಾ? ಅಲ್ಲಿನ ಸರ್ಕಾರವೂ ಇದನ್ನೇ ತೋರಿಸಿ ಅಧಿಕಾರ ಉಳಿಸಿಕೊಂಡಿದೆ ಅಂತ ಒಬ್ಬರು ಸಣ್ಣ ದನಿಯಲ್ಲಿ ಹೇಳಿದರು. ಇಂಥ ಕಡೆ ಹೋಗುವುದೇ ತಪ್ಪಾ? ಇನ್ನೊಂದು ವಿಷಯ, ನನ್ನ ಮಗಳು ಒಂಬತ್ತನೇ ಕ್ಲಾಸು. ಅಲ್ಲಿನ ಕೈದಿಗಳ ಫೋಟೋಗಳನ್ನು ಸ್ಕೂಲ್ ಪ್ರಾಜೆಕ್ಟ್‌ಗೆ ಹಾಕುತ್ತೇನೆ ಅನ್ನುತ್ತಿದ್ದಾಳೆ. ಹಾಕಬಹುದಾ?

ಉತ್ತರ: ಮೇಡಂ, ನೀವು ಹೋಗಿದ್ದು ತಪ್ಪಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದರಲ್ಲಿ ಸಿಟ್ಟು ಸ್ವಲ್ಪ ಜಾಸ್ತಿ ಇದೆ. ಅದು ನಿಮ್ಮ ಮೇಲಲ್ಲ. ಆ ಅಜ್ಜನ ಮೇಲಂತೂ ಅಲ್ಲವೇ ಅಲ್ಲ.

ಓದುವ ಬೇರೆಯವರಿಗಾಗಿ ಹಿನ್ನೆಲೆ ಎರಡು ಮಾತಿನಲ್ಲಿ. 1975ರ ಏಪ್ರಿಲ್ 17ರಂದು ಖಮೇರ್ ರೂಜ್ ಅನ್ನುವ ಕಮ್ಯುನಿಸ್ಟ್ ಬಂಡುಕೋರರ ಸೈನ್ಯ ರಾಜಧಾನಿ ನೋಮ್ ಪೆನ್‌ಗೆ ನುಗ್ಗಿತು. ಊರಿಗೆ ಊರೇ ಖಾಲಿ ಮಾಡಿಸಿತು. ದುಡ್ಡು, ಮಾರುಕಟ್ಟೆ, ಶಾಲೆ, ದೇವಸ್ಥಾನ ಎಲ್ಲ ರದ್ದು. 1979ರ ಜನವರಿ 7ಕ್ಕೆ ವಿಯೆಟ್ನಾಂ ಸೈನ್ಯ ಬಂದು ಅವರನ್ನು ಓಡಿಸುವ ಹೊತ್ತಿಗೆ, ಸುಮಾರು 80 ಲಕ್ಷ ಜನರಿದ್ದ ದೇಶದಲ್ಲಿ 15ರಿಂದ 20 ಲಕ್ಷ ಮಂದಿ ಹಸಿವು, ಕಾಯಿಲೆ, ದುಡಿತ, ಕೊಲೆಗೆ ಬಲಿಯಾಗಿದ್ದರು. ತುವೋಲ್ ಸ್ಲೆಂಗ್ ಮೊದಲು ಹೈಸ್ಕೂಲು. ಖಮೇರ್ ರೂಜ್ ಅದನ್ನು ಎಸ್-21 ಅನ್ನುವ ಜೈಲು ಮಾಡಿತು. ಅಲ್ಲಿಗೆ ಕನಿಷ್ಠ 12,000 ಜನರನ್ನು ತಂದರು, 18,000ದವರೆಗೂ ಲೆಕ್ಕ ಹೇಳುವವರಿದ್ದಾರೆ. ಬದುಕಿದವರು ಬೆರಳೆಣಿಕೆ. ಉಳಿದವರಲ್ಲಿ ಹೆಚ್ಚಿನವರನ್ನು ರಾತ್ರಿ ಲಾರಿಯಲ್ಲಿ ಊರಾಚೆ ಸುಮಾರು 15 ಕಿಲೋಮೀಟರ್ ದೂರದ ಚೊಯುಂಗ್ ಎಕ್‌ಗೆ ಒಯ್ದು ಕೊಂದರು. ನೀವು ಆರು ಡಾಲರ್ ಕೊಟ್ಟ ಜಾಗ ಅದು.

ಈಗ ದುಡ್ಡಿನ ವಿಷಯ. ಟಿಕೆಟ್ ಇಡುವುದೇ ಪಾಪ ಅಂತ ನನಗೆ ಅನಿಸುವುದಿಲ್ಲ. ಮೂಳೆಗಳನ್ನು ತೇವದಿಂದ ಕಾಪಾಡಬೇಕು, ಹುಲ್ಲು ಕತ್ತರಿಸಬೇಕು, ಮಳೆಗಾಲ ಬಂತೆಂದರೆ ಚೊಯುಂಗ್ ಎಕ್‌ನ ಮಣ್ಣಿನಿಂದ ಇವತ್ತಿಗೂ ಮೂಳೆಯ ಚೂರು, ಬಟ್ಟೆಯ ತುಂಡು ಮೇಲೆ ಬರುತ್ತವೆ, ಅದನ್ನೆಲ್ಲ ಆರಿಸಿ ಇಡಲು ಜನ ಬೇಕು, ಅವರಿಗೆ ಸಂಬಳ ಬೇಕು. ಪೋಲೆಂಡ್‌ನ ಆಶ್‌ವಿಟ್ಜ್‌ನಲ್ಲಿ ಒಳಗೆ ಹೋಗಲು ದುಡ್ಡಿಲ್ಲ, ಗೈಡ್‌ಗೆ ಕೊಡಬೇಕು. ರುವಾಂಡಾದ ಕಿಗಾಲಿ ಸ್ಮಾರಕಕ್ಕೂ ಪ್ರವೇಶ ಉಚಿತ. ಕಾಂಬೋಡಿಯಾ ಬಡ ದೇಶ, ಅವರು ವಿದೇಶಿಯರಿಂದ ತೆಗೆದುಕೊಳ್ಳುತ್ತಾರೆ, ತಮ್ಮ ಜನರನ್ನು ಸುಮ್ನೆ ಬಿಡುತ್ತಾರೆ. ನ್ಯಾಯವಾಗಿಯೇ ಇದೆ.

ಆದರೆ ಚೊಯುಂಗ್ ಎಕ್‌ನ ಕತೆ ಅಷ್ಟಕ್ಕೇ ನಿಲ್ಲುವುದಿಲ್ಲ. 2005ರಲ್ಲಿ ನೋಮ್ ಪೆನ್ ನಗರಾಡಳಿತ ಈ ಜಾಗವನ್ನು ಜೆಸಿ ರಾಯಲ್ ಅನ್ನುವ ಜಪಾನಿ ಕಂಪನಿಗೆ 30 ವರ್ಷಕ್ಕೆ ಗುತ್ತಿಗೆ ಕೊಟ್ಟಿತು. ಹೌದು, ಸರಿಯಾಗಿಯೇ ಓದಿದ್ದೀರಿ. ಕೊಲೆಯಾದವರ ಸಮಾಧಿಯನ್ನು ಗುತ್ತಿಗೆಗೆ ಕೊಟ್ಟರು. ನಗರಕ್ಕೆ ಬರುವ ಮೊತ್ತ ವರ್ಷಕ್ಕೆ 15,000 ಡಾಲರ್, ಐದು ವರ್ಷಕ್ಕೊಮ್ಮೆ ಶೇ 10 ಏರಿಕೆ. ಅಲ್ಲಿಯವರೆಗೆ ವಿದೇಶಿಯರಿಗೆ ಅರ್ಧ ಡಾಲರ್ ಇದ್ದ ಟಿಕೆಟ್ ಆಮೇಲೆ ಏರಿತು. ಜಾಗ ಚೊಕ್ಕ ಆಯಿತು, ರಸ್ತೆ ಸರಿಹೋಯಿತು, ಅದನ್ನು ಇಲ್ಲ ಅನ್ನಲಾಗದು. ಆದರೆ ಸುದ್ದಿ ಹೊರಬಂದಾಗ ಕಾಂಬೋಡಿಯನ್ನರಿಗೆ ನೋವಾಗಿದ್ದು ರಸ್ತೆಯ ವಿಷಯಕ್ಕಲ್ಲ. ಅಲ್ಲಿ ಹೂತವರ ಮನೆಯವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ನನ್ನ ತಕರಾರು ಪೂರ್ತಿ ಇಲ್ಲಿಯೇ ಇದೆ. ದುಡ್ಡು ಮುಟ್ಟುವುದರಿಂದ ನೆನಪು ಮೈಲಿಗೆ ಆಗುವುದಿಲ್ಲ. ಯಾರನ್ನು ಕೇಳಿ ಮುಟ್ಟಿದರು, ಲೆಕ್ಕ ಯಾರಿಗೆ ಒಪ್ಪಿಸುತ್ತಾರೆ, ಇದು ಮುಖ್ಯ. ಒಬ್ಬ ತಾಯಿಯ ಮಗ ಆ ಗುಂಡಿಯಲ್ಲಿದ್ದಾನೆ ಅಂದುಕೊಳ್ಳಿ. ಆ ಗುಂಡಿಗೆ ಬರುವ ಪ್ರವಾಸಿಗರ ಸಂಖ್ಯೆ ಮುಂದಿನ ವರ್ಷ ಎಷ್ಟಾಗಬಹುದು ಅಂತ ಒಂದು ಕಂಪನಿ ಅಂದಾಜು ಹಾಕುತ್ತದೆ, ಆ ಲೆಕ್ಕದ ಹಾಳೆಯಲ್ಲಿ ತಾಯಿಗೆ ಸಹಿ ಹಾಕುವ ಜಾಗವೇ ಇಲ್ಲ. ಇದು ವ್ಯಾಪಾರದ ತಪ್ಪು ಅನ್ನುವುದಕ್ಕಿಂತ ಅಧಿಕಾರದ ತಪ್ಪು. ಗುತ್ತಿಗೆ ಕೊಟ್ಟಿದ್ದು ವ್ಯಾಪಾರಿ ಅಲ್ಲ, ಸರ್ಕಾರ. ಅದಕ್ಕೇ ನಾನು ಈ ವಿಷಯದಲ್ಲಿ ವ್ಯಾಪಾರವನ್ನೂ ರಾಜಕೀಯವನ್ನೂ ಬೇರೆ ಬೇರೆ ಇಟ್ಟು ಮಾತಾಡುವುದಿಲ್ಲ.

ಇನ್ನು ಪುಸ್ತಕ ಮಾರುವ ಅಜ್ಜ. ನಿಮಗೆ ಕಸಿವಿಸಿ ಆಗಿದ್ದು ಅರ್ಥವಾಗುತ್ತದೆ, ಅಲ್ಲಿಗೆ ಹೋಗಿಬಂದ ಬಹಳ ಜನರಿಗೆ ಆಗುತ್ತದೆ. ತುವೋಲ್ ಸ್ಲೆಂಗ್ ಅಂಗಳದಲ್ಲಿ ಹಾಗೆ ಮೇಜು ಹಾಕಿ ಕೂರುತ್ತಿದ್ದವರಲ್ಲಿ ಹೆಸರಾದವರು ಚುಮ್ ಮೇ ಮತ್ತು ಬೋ ಮೆಂಗ್. ಚುಮ್ ಮೇ ಮೆಕ್ಯಾನಿಕ್. ಜೈಲಿನ ಯಂತ್ರಗಳನ್ನು ರಿಪೇರಿ ಮಾಡಲು ಬರುತ್ತಿದ್ದರಿಂದ ಜೀವ ಉಳಿಯಿತು. ಬೋ ಮೆಂಗ್ ಚಿತ್ರಗಾರ, ಖಮೇರ್ ರೂಜ್ ನಾಯಕ ಪೋಲ್ ಪಾಟ್‌ನ ಚಿತ್ರ ಬರೆದುಕೊಟ್ಟಿದ್ದಕ್ಕೆ ಉಳಿಸಿಕೊಂಡರು. ಇಬ್ಬರೂ ಹೆಂಡತಿಯನ್ನು ಕಳೆದುಕೊಂಡವರು.

2006ರಿಂದ 2022ರವರೆಗೆ ವಿಶ್ವಸಂಸ್ಥೆಯ ನೆರವಿನಲ್ಲಿ ವಿಶೇಷ ನ್ಯಾಯಾಲಯ ನಡೆಯಿತು. ಖರ್ಚು 33 ಕೋಟಿ ಡಾಲರ್ ದಾಟಿತು. ಶಿಕ್ಷೆಯಾಗಿದ್ದು ಮೂವರಿಗೆ: ಜೈಲಿನ ಮುಖ್ಯಸ್ಥ ಡುಯಿಕ್, ಆಮೇಲೆ ಖಮೇರ್ ರೂಜ್‌ನ ದೊಡ್ಡ ನಾಯಕರಾದ ನುವೊನ್ ಚಿಯಾ, ಖಿಯು ಸಂಫನ್. ಈ ಇಬ್ಬರು ಬದುಕುಳಿದವರೂ ಡುಯಿಕ್ ವಿರುದ್ಧ ಸಾಕ್ಷಿ ಹೇಳಿದರು. ಮೈಮೇಲಿನ ಗಾಯ, ಉಗುರು ಕಿತ್ತ ಬೆರಳು, ಸತ್ತ ಹೆಂಡತಿ ಎಲ್ಲವನ್ನೂ ಕ್ಯಾಮೆರಾ ಮುಂದೆ ಮತ್ತೆ ಬಿಚ್ಚಿಟ್ಟರು. ಪರಿಹಾರ ಎಷ್ಟು ಸಿಕ್ಕಿತು ಗೊತ್ತಾ? ಕೈಗೆ ಒಂದು ರಿಯಲ್ ಕೂಡ ಇಲ್ಲ. ಆ ನ್ಯಾಯಾಲಯದ ನಿಯಮದಲ್ಲಿ ವೈಯಕ್ತಿಕ ಪರಿಹಾರಕ್ಕೆ ಜಾಗವೇ ಇರಲಿಲ್ಲ, ಸಾಮೂಹಿಕ ಮತ್ತು ನೈತಿಕ ಪರಿಹಾರ ಮಾತ್ರ. ಡುಯಿಕ್ ಕೇಸಿನಲ್ಲಿ ಕೊಟ್ಟಿದ್ದು ಇಷ್ಟು: ದೂರುದಾರರ ಹೆಸರು ತೀರ್ಪಿನಲ್ಲಿ ಬರುತ್ತದೆ, ಅಪರಾಧಿ ಕೇಳಿದ ಕ್ಷಮೆಯನ್ನೆಲ್ಲ ಒಟ್ಟುಮಾಡಿ ಪ್ರಕಟಿಸುತ್ತಾರೆ.

ವಕೀಲರಿಗೆ ಫೀಸು ಸಿಕ್ಕಿತು, ಜಡ್ಜುಗಳಿಗೆ ಸಂಬಳ ಸಿಕ್ಕಿತು, ಅನುವಾದಕರಿಗೆ, ಭದ್ರತೆಯವರಿಗೆ, ವಿಮಾನ ಕಂಪನಿಗಳಿಗೆ, ನಮ್ಮಂಥ ಓದಿ ಬರೆಯುವವರಿಗೂ ಸೆಮಿನಾರು ಸಿಕ್ಕಿತು. ಆ ಕತೆ ಯಾರ ಮೈಮೇಲೆ ನಡೆಯಿತೋ ಅವರು ತಮ್ಮ ಪುಸ್ತಕವನ್ನು ಹತ್ತು ಡಾಲರಿಗೆ ಮಾರಿದರೆ ಮಾತ್ರ ನಮಗೆ ‘ಇದೇನಿದು ವ್ಯಾಪಾರ’ ಅನಿಸುತ್ತದೆ! ಇಡೀ ಜಾಗದಲ್ಲಿ ಆ ನೆನಪಿನಿಂದ ದುಡ್ಡು ಮಾಡಲು ಪೂರ್ತಿ ಹಕ್ಕಿರುವವರು ಯಾರಾದರೂ ಇದ್ದರೆ ಅದು ಆ ಮೇಜಿನ ಹಿಂದೆ ಕೂತವರು. ಮುಂದಿನ ಸಲ ಹೋಗುವವರು ದಯವಿಟ್ಟು ಪುಸ್ತಕ ಕೊಳ್ಳಿ. ಫೋಟೋ ಬೇಕಾದರೆ ಕೇಳಿ ತೆಗೆಸಿಕೊಳ್ಳಿ, ಅವರು ಕರೆದರೆ ನಿಲ್ಲಿ. ಎರಡು ಬೆರಳೆತ್ತಿ ವಿಜಯದ ಗುರುತು ತೋರಿಸಬೇಡಿ, ಅಷ್ಟೇ.

ನಿಜವಾಗಿ ನಾಚಿಕೆ ಬರಬೇಕಾದ ವ್ಯಾಪಾರ ಬೇರೆ ಕಡೆ ಇದೆ. ಕಿಲ್ಲಿಂಗ್ ಫೀಲ್ಡ್ಸ್ ಜೊತೆಗೆ ಶೂಟಿಂಗ್ ರೇಂಜ್ ಸೇರಿಸಿ ಒಂದೇ ಪ್ಯಾಕೇಜ್ ಹೇಳುವುದು ನೋಮ್ ಪೆನ್‌ನ ಟುಕ್‌ಟುಕ್ ಚಾಲಕರಲ್ಲಿ ಹಳೆಯ ರೂಢಿ. ಬೆಳಿಗ್ಗೆ ಬುರುಡೆ ನೋಡಿ, ಮಧ್ಯಾಹ್ನ ಎಕೆ-47 ಹಾರಿಸಿ. ಚಾಲಕನನ್ನು ನಾನು ದೂರುವುದಿಲ್ಲ, ಗಿರಾಕಿ ಇರುವುದಕ್ಕೆ ಅವನು ಕೇಳುತ್ತಾನೆ. 2005ರಲ್ಲಿ ತುವೋಲ್ ಸ್ಲೆಂಗ್ ಎದುರಿಗೇ ಒಂದು ಹೋಟೆಲು ಬಂತು, ಕಪ್ಪು ಬಟ್ಟೆ ಹಾಕಿದ ಹುಡುಗಿಯರು ಖಮೇರ್ ರೂಜ್ ಕಾಲದ ನೀರುಗಂಜಿ ಬಡಿಸುತ್ತಿದ್ದರು. ಬೇಗನೆ ಬಾಗಿಲು ಹಾಕಿಸಿದರು, ಒಳ್ಳೆಯದಾಯಿತು. ಎಸ್-21ರಲ್ಲಿ ಕೈದಿಗಳ ಫೋಟೋ ತೆಗೆಯುತ್ತಿದ್ದ ನೆಮ್ ಎನ್ ಅನ್ನುವವನು 2009ರಲ್ಲಿ ತನ್ನ ಕ್ಯಾಮೆರಾಗಳನ್ನೂ ಪೋಲ್ ಪಾಟ್‌ನ ಚಪ್ಪಲಿಯನ್ನೂ ಐದು ಲಕ್ಷ ಡಾಲರಿಗೆ ಮಾರಾಟಕ್ಕಿಟ್ಟ. ಥಾಯ್ಲೆಂಡ್ ಗಡಿಯ ಅನ್ಲಾಂಗ್ ವೆಂಗ್‌ನಲ್ಲಿ ಪೋಲ್ ಪಾಟ್‌ನನ್ನು ಹಳೆಯ ಟೈರುಗಳ ಜೊತೆ ಸುಟ್ಟ ಜಾಗ ಪ್ರವಾಸಿ ತಾಣ ಆಗಿದೆ, ಸುತ್ತಲಿನವರು ಅಲ್ಲಿ ಬಂದು ಲಾಟರಿ ನಂಬರ್ ಕೇಳಿಕೊಳ್ಳುತ್ತಾರೆ. ಇದು ಕೇಳಲು ವಿಚಿತ್ರ, ಆದರೆ ನನಗೆ ಗುತ್ತಿಗೆಯಷ್ಟು ಕೆಟ್ಟದ್ದು ಅನಿಸುವುದಿಲ್ಲ. ದಿಕ್ಕಿಲ್ಲದವರು ಯಾವ ದೆವ್ವದ ಹತ್ತಿರವಾದರೂ ಕೇಳಿಕೊಳ್ಳುತ್ತಾರೆ.

ರಾಜಕೀಯಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನ ಬೇಕು.

ತುವೋಲ್ ಸ್ಲೆಂಗ್ ಮ್ಯೂಸಿಯಂ ಹುಟ್ಟಿದ್ದೇ ರಾಜಕೀಯಕ್ಕೆ. ಜೈಲು ಕಣ್ಣಿಗೆ ಬಿದ್ದಿದ್ದು 1979ರ ಜನವರಿಯಲ್ಲಿ. ಅದನ್ನು ಮ್ಯೂಸಿಯಂ ಮಾಡಿದವನು ಮೈ ಲಾಮ್, ವಿಯೆಟ್ನಾಂ ಸೈನ್ಯದ ಕರ್ನಲ್, ಹೋ ಚಿ ಮಿನ್ ಸಿಟಿಯಲ್ಲಿ ಅಮೆರಿಕದ ಯುದ್ಧಾಪರಾಧಗಳ ಮ್ಯೂಸಿಯಂ ಕಟ್ಟಿದ್ದವನೂ ಅವನೇ. ಕಾಂಬೋಡಿಯನ್ನರಿಗಿಂತ ಮೊದಲು ಒಳಗೆ ಬಿಟ್ಟಿದ್ದು ವಿದೇಶಿ ನಿಯೋಗಗಳನ್ನು. ಯಾಕೆ? ವಿಯೆಟ್ನಾಂಗೆ ಜಗತ್ತಿನ ಮುಂದೆ ತೋರಿಸಬೇಕಿತ್ತು, ನಾವು ನೆರೆಯ ದೇಶವನ್ನು ಆಕ್ರಮಿಸಿಲ್ಲ, ಬಿಡಿಸಿದ್ದೇವೆ ಅಂತ. ಇನ್ನೊಂದು ತೊಂದರೆಯೂ ಇತ್ತು. ಕೊಂದವರೂ ಕಮ್ಯುನಿಸ್ಟರು, ಬಿಡಿಸಿದವರೂ ಕಮ್ಯುನಿಸ್ಟರು. ಹಾಗಾಗಿ ಪೋಲ್ ಪಾಟ್ ಗುಂಪನ್ನು ಹಿಟ್ಲರನ ಸಾಲಿಗೆ ಸೇರಿಸಿ ಫ್ಯಾಸಿಸ್ಟರು ಅಂದರು, ತಪ್ಪೆಲ್ಲ ಆ ನಾಲ್ಕಾರು ಜನರದ್ದು, ಸಿದ್ಧಾಂತದ್ದಲ್ಲ ಅಂದರು. ಬುರುಡೆಗಳನ್ನೇ ಜೋಡಿಸಿ ಮಾಡಿದ ಕಾಂಬೋಡಿಯಾದ ನಕಾಶೆ ಒಂದು ಗೋಡೆಯ ಮೇಲೆ 2002ರವರೆಗೂ ಇತ್ತು. ಅದೂ ಮೈ ಲಾಮ್‌ನದೇ ಕೆಲಸ.

ಹಾಗಾದರೆ ಮ್ಯೂಸಿಯಂ ಸುಳ್ಳಾ? ಇಲ್ಲ! ಎಲ್ಲರೂ ಎಡವುವುದು ಇಲ್ಲೇ. ತೋರಿಸಿದವನಿಗೆ ಸ್ವಾರ್ಥ ಇತ್ತು ಅನ್ನುವುದು ಒಂದು ಲೆಕ್ಕ, ತೋರಿಸಿದ್ದು ನಿಜ ಅನ್ನುವುದು ಇನ್ನೊಂದು ಲೆಕ್ಕ, ಎರಡನ್ನೂ ಸೇರಿಸಿ ಕೂಡಿದರೆ ಉತ್ತರ ತಪ್ಪು ಬರುತ್ತದೆ. ಕೈದಿಗಳ ಸಾವಿರಾರು ಫೋಟೋ, ಹೊಡೆದು ಬರೆಸಿದ ತಪ್ಪೊಪ್ಪಿಗೆಗಳು, ಕೊಲ್ಲಬೇಕಾದವರ ಪಟ್ಟಿ, ಎಲ್ಲ ಖಮೇರ್ ರೂಜ್‌ನವರೇ ಮಾಡಿಟ್ಟ ದಾಖಲೆ. ಡುಯಿಕ್ ಅದನ್ನು ಕೋರ್ಟಿನಲ್ಲಿ ಒಪ್ಪಿಕೊಂಡ. ಆದರೆ 1980ರ ದಶಕದಲ್ಲಿ ಇದನ್ನೆಲ್ಲ ‘ವಿಯೆಟ್ನಾಂ ನಾಟಕ’ ಅಂತ ತಳ್ಳಿಹಾಕುವುದು ಹಲವರಿಗೆ ಅನುಕೂಲವಾಗಿತ್ತು. ಅಮೆರಿಕ, ಚೀನಾ, ಆಗ್ನೇಯ ಏಷ್ಯಾದ ಆಸಿಯಾನ್ ದೇಶಗಳು ಬೆನ್ನಿಗೆ ನಿಂತಿದ್ದರಿಂದ ವಿಶ್ವಸಂಸ್ಥೆಯಲ್ಲಿ ಕಾಂಬೋಡಿಯಾದ ಸೀಟು ಅಷ್ಟೆಲ್ಲ ಕೊಂದವರ ಕೈಯಲ್ಲೇ ಉಳಿಯಿತು, 1982ರ ನಂತರ ಇನ್ನೆರಡು ಬಣಗಳನ್ನು ಪಕ್ಕಕ್ಕೆ ಸೇರಿಸಿಕೊಂಡರು ಅಷ್ಟೇ. ನಮ್ಮ ದೇಶ ಆಗ ಬೇರೆ ದಾರಿ ಹಿಡಿಯಿತು. 1980ರ ಜುಲೈನಲ್ಲಿ ಇಂದಿರಾ ಗಾಂಧಿ ಸರ್ಕಾರ ನೋಮ್ ಪೆನ್‌ನ ಹೊಸ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿತು. ಅದರಲ್ಲೂ ಮಾಸ್ಕೋ ಸ್ನೇಹದ ಪಾಲು ಇತ್ತು, ಬರೀ ಧರ್ಮಬುದ್ಧಿ ಅಂತ ಎದೆ ತಟ್ಟಿಕೊಳ್ಳುವುದು ಬೇಡ.

ಹೀಗೆ ಸತ್ತವರು ಮೊದಲ ದಿನದಿಂದಲೂ ಯಾರದ್ದೋ ವಾದಕ್ಕೆ ಸಾಕ್ಷಿಗಳಾಗಿಯೇ ನಿಂತರು. ಅದರಲ್ಲಿ ಒಂದು ಸೂಕ್ಷ್ಮ ಮರೆಯಾಯಿತು. ಎಸ್-21ಕ್ಕೆ ತಂದವರಲ್ಲಿ ಬಹುಪಾಲು ಖಮೇರ್ ರೂಜ್‌ನ ಒಳಗಿನವರೇ, ಅನುಮಾನಕ್ಕೆ ಸಿಕ್ಕ ಕಾರ್ಯಕರ್ತರು, ಸೈನಿಕರು, ಅವರ ಹೆಂಡತಿ ಮಕ್ಕಳು. ನಿನ್ನೆ ಬೇರೆಯವರನ್ನು ಹೊಡೆದವನು ಇವತ್ತು ಕುರ್ಚಿಗೆ ಕಟ್ಟಿಸಿಕೊಂಡ. ಗೋಡೆಯ ಮೇಲಿನ ಫೋಟೋಗಳಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ. ಕಾಣದಿದ್ದರೆ ಸರ್ಕಾರಕ್ಕೆ ಒಳ್ಳೆಯದೇ. ಒಂದು ಕಡೆ ರಾಕ್ಷಸರು, ಇನ್ನೊಂದು ಕಡೆ ಮುಗ್ಧರು, ನಡುವೆ ಬಂದು ಕಾಪಾಡಿದವರು ನಾವು. ಕತೆ ಸಲೀಸು.

ಆ ‘ನಾವು’ ಯಾರು ಅಂದರೆ, 1979ರಿಂದ ಇವತ್ತಿನವರೆಗೂ ಹೆಚ್ಚುಕಡಿಮೆ ಅಧಿಕಾರ ಬಿಡದ ಕಾಂಬೋಡಿಯನ್ ಪೀಪಲ್ಸ್ ಪಾರ್ಟಿ. ಹುನ್ ಸೆನ್ ಮೂರು ದಶಕಕ್ಕೂ ಜಾಸ್ತಿ ಪ್ರಧಾನಿಯಾಗಿದ್ದು 2023ರಲ್ಲಿ ಕುರ್ಚಿಯನ್ನು ಮಗ ಹುನ್ ಮನೆತ್‌ಗೆ ಕೊಟ್ಟರು. ಇದೇ ಹುನ್ ಸೆನ್ ಮೊದಲು ಖಮೇರ್ ರೂಜ್‌ನ ಕಮಾಂಡರ್, 1977ರಲ್ಲಿ ವಿಯೆಟ್ನಾಂಗೆ ಓಡಿಹೋದವರು. ಪಕ್ಷಕ್ಕೆ ಜನವರಿ 7 ಅಂದರೆ ದೇಶದ ಎರಡನೇ ಹುಟ್ಟುಹಬ್ಬ. 1980ರ ದಶಕದಲ್ಲಿ ಮೇ 20ನ್ನು ಸಿಟ್ಟಿನ ದಿನ ಅಂತ ಮಾಡಿದರು, ಆಮೇಲೆ ಸ್ಮರಣೆಯ ದಿನ ಅಂತ ಹೆಸರು ಬದಲಾಯಿತು. ಆವತ್ತು ಚೊಯುಂಗ್ ಎಕ್‌ನಲ್ಲಿ ಕಲಾ ವಿದ್ಯಾರ್ಥಿಗಳು ಕಪ್ಪು ಬಟ್ಟೆ ಹಾಕಿಕೊಂಡು ಕೊಲೆಯನ್ನು ಅಭಿನಯಿಸಿ ತೋರಿಸುತ್ತಾರೆ. ಮನೆಯವರನ್ನು ಕಳೆದುಕೊಂಡ ಮುದುಕಿಯರು ಎದುರಿಗೆ ಕೂತು ನೋಡುತ್ತಾರೆ. ಇದು ಯಾರ ಸಮಾಧಾನಕ್ಕೆ ಅಂತ ನನಗಂತೂ ತಿಳಿಯದು.

ನೆನಪನ್ನು ಬೇಕಾದಾಗ ಹೊರತೆಗೆದು ಬೇಡವಾದಾಗ ಒಳಗಿಡುವುದು ಹೇಗೆ ಅಂತ ಕಲಿಯಬೇಕಾದರೆ ಹುನ್ ಸೆನ್ ಅವರನ್ನು ನೋಡಬೇಕು. 1998ರ ಕೊನೆಗೆ ನುವೊನ್ ಚಿಯಾ, ಖಿಯು ಸಂಫನ್ ಶರಣಾಗಿ ಬಂದಾಗ ಹೂಗುಚ್ಛ ಕೊಟ್ಟು ಬರಮಾಡಿಕೊಳ್ಳೋಣ, ಗುಂಡಿ ತೋಡಿ ಹಳೆಯದನ್ನೆಲ್ಲ ಹೂತುಬಿಡೋಣ ಅನ್ನುವ ಅರ್ಥದ ಮಾತಾಡಿದ್ದರು. ಅದಕ್ಕೆ ಮುಂಚೆ, 1996ರಲ್ಲಿ, ಮರಣದಂಡನೆಗೆ ಗುರಿಯಾಗಿದ್ದ ಖಮೇರ್ ರೂಜ್ ನಾಯಕ ಇಯೆಂಗ್ ಸರಿಗೆ ರಾಜನ ಕ್ಷಮಾದಾನ ಸಿಕ್ಕಿತ್ತು. ನ್ಯಾಯಾಲಯ ಶುರುವಾಗಿ ಇನ್ನಷ್ಟು ಜನರ ಮೇಲೆ ಕೇಸು ಹಾಕಲು ಹೊರಟಾಗ 2010ರಲ್ಲಿ ವಿಶ್ವಸಂಸ್ಥೆಯ ಮುಖ್ಯಸ್ಥ ಬಾನ್ ಕಿ ಮೂನ್‌ಗೇ ನೇರವಾಗಿ ಹೇಳಿದರು, ಇನ್ನು ಸಾಕು ಅಂತ. ಹಳೆಯ ಖಮೇರ್ ರೂಜ್‌ನವರು ಊರೂರಲ್ಲಿ ಅಧಿಕಾರಿಗಳಾಗಿ ಕೂತಿದ್ದರಲ್ಲ. ಅದೇ ಚುನಾವಣೆ ಬಂತೆಂದರೆ, ನಾನು ಸೋತರೆ ಮತ್ತೆ ಯುದ್ಧ, ಮತ್ತೆ ಆ ಕಾಲ ಅನ್ನುವ ಎಚ್ಚರಿಕೆ. 2018ರಲ್ಲಿ ನೋಮ್ ಪೆನ್ ಹೊರಗೆ ದೊಡ್ಡ ‘ವಿನ್-ವಿನ್’ ಸ್ಮಾರಕವೂ ಎದ್ದಿತು. ಅದು ಸತ್ತವರಿಗಲ್ಲ, ಖಮೇರ್ ರೂಜ್ ಅನ್ನು ಶರಣಾಗಿಸಿದ ಹುನ್ ಸೆನ್ ನೀತಿಗೆ.

ವಿರೋಧ ಪಕ್ಷ ಏನು ಕಡಿಮೆಯಾ ಅಂದರೆ, ಅಲ್ಲ. ಅಲ್ಲಿ ವೋಟು ತರುವ ಸುಲಭದ ಸರಕು ವಿಯೆಟ್ನಾಂ ದ್ವೇಷ. 2013ರ ಚುನಾವಣೆಗೆ ಮೊದಲು ವಿರೋಧ ಪಕ್ಷದ ನಾಯಕ ಕೆಮ್ ಸೊಖಾ ಅವರದ್ದು ಅಂತ ಒಂದು ಆಡಿಯೋ ಹೊರಬಂತು. ಎಸ್-21 ಅನ್ನುವುದು ವಿಯೆಟ್ನಾಂನವರು ಹೂಡಿದ ಆಟ ಅನ್ನುವ ಅರ್ಥ ಅದರಲ್ಲಿತ್ತು. ಕತ್ತರಿಸಿ ಜೋಡಿಸಿದ್ದು ಅಂತ ಅವರ ಕಡೆಯವರು ಹೇಳಿದರು. ಸೊಖಾ ಕ್ಷಮೆ ಕೇಳಬೇಕೆಂದು ಚುಮ್ ಮೇ ತಾವೇ ಮುಂದಾಗಿ ಮೆರವಣಿಗೆ ಮಾಡಿಸಿದರು. ಅವರ ನೋವು ನಿಜ. ಅದನ್ನು ಆಳುವ ಪಕ್ಷ ಸರಿಯಾದ ಹೊತ್ತಿಗೆ ಬಳಸಿಕೊಂಡಿದ್ದೂ ನಿಜ. ಆಡಿಯೋ ಹೊರಬಂದ ಕೆಲವೇ ದಿನಗಳಲ್ಲಿ ಸಂಸತ್ತು ಕಾನೂನು ಮಾಡಿತು, ಖಮೇರ್ ರೂಜ್ ಅಪರಾಧಗಳನ್ನು ಅಲ್ಲಗಳೆದರೆ ಎರಡು ವರ್ಷದವರೆಗೆ ಜೈಲು. 2025ರಲ್ಲಿ ಇನ್ನೂ ಬಿಗಿ ಮಾಡಿದರು: ಒಂದರಿಂದ ಐದು ವರ್ಷ ಜೈಲು, ಒಂದರಿಂದ ಐದು ಕೋಟಿ ರಿಯಲ್‌ವರೆಗೆ ದಂಡ.

ಈ ಕಾನೂನಿನ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಜರ್ಮನಿಯಲ್ಲೂ ಇಂಥದ್ದು ಇದೆ, ತತ್ವಕ್ಕೆ ನನ್ನ ವಿರೋಧ ಇಲ್ಲ. ಆದರೆ ಅಲ್ಲಿ ಕೋರ್ಟಿಗೆ ಸ್ವಂತ ಬೆನ್ನೆಲುಬು ಇದೆ. ಮುಖ್ಯ ವಿರೋಧ ಪಕ್ಷವನ್ನೇ 2017ರಲ್ಲಿ ಸುಪ್ರೀಂ ಕೋರ್ಟ್ ಕೈಯಿಂದ ವಿಸರ್ಜನೆ ಮಾಡಿಸಿದ ದೇಶದಲ್ಲಿ ಈ ಕಾನೂನು ಬೇರೆಯೇ ಕೆಲಸ ಮಾಡುತ್ತದೆ. ಕೊಲೆ ನಡೆದೇ ಇಲ್ಲ ಅನ್ನುವ ಹುಚ್ಚನನ್ನು ಅದು ಹಿಡಿಯಬಹುದು. ‘ಆಗ ಯಾರು ಯಾರು ಏನು ಮಾಡಿದರು, ಈಗ ಎಲ್ಲಿದ್ದಾರೆ?’ ಅಂತ ಕೇಳುವ ಹುಡುಗಿಯನ್ನೂ ಹೆದರಿಸಬಹುದು. ನಿಮಗೆ ಯಾರೋ ಸಣ್ಣ ದನಿಯಲ್ಲಿ ಹೇಳಿದರು ಅಂದಿರಲ್ಲ, ಅದಕ್ಕೆ.

ಈ ಜಗಳದಲ್ಲಿ ಯಾರ ಬಾಯಲ್ಲೂ ಬರದವರೂ ಇದ್ದಾರೆ. 2018ರ ತೀರ್ಪಿನಲ್ಲಿ ಕಾನೂನಿನ ಪ್ರಕಾರ ನರಮೇಧ ಅಂತ ಸಾಬೀತಾಗಿದ್ದು ಚಾಮ್ ಮುಸ್ಲಿಮರ ಮತ್ತು ಕಾಂಬೋಡಿಯಾದಲ್ಲಿದ್ದ ವಿಯೆಟ್ನಾಮೀಯರ ಕೊಲೆ. ಉಳಿದದ್ದು ಮಾನವೀಯತೆಯ ವಿರುದ್ಧದ ಅಪರಾಧ, ಭೀಕರತೆಯಲ್ಲಿ ಒಂದು ಗುಲಗಂಜಿ ಕಡಿಮೆ ಇಲ್ಲ. ಆ ವಿಯೆಟ್ನಾಮೀಯರ ಕಡೆಯವರು ಇವತ್ತಿಗೂ ಟೋನ್ಲೆ ಸಾಪ್ ಸರೋವರದ ನೀರಿನ ಮೇಲೆ ದೋಣಿಮನೆಗಳಲ್ಲಿ, ಎಷ್ಟೋ ಜನ ಪೌರತ್ವದ ಕಾಗದವೂ ಇಲ್ಲದೆ ಇದ್ದಾರೆ. ಅವರ ಹೆಸರು ಹೇಳಿದರೆ ಎರಡೂ ಪಕ್ಷಕ್ಕೆ ವೋಟು ಬರುವುದಿಲ್ಲ.

ಬುರುಡೆಗಳ ಬಗ್ಗೆ ನೀವು ನೇರವಾಗಿ ಕೇಳಲಿಲ್ಲ, ಆದರೆ ಹೇಳಲೇಬೇಕು. ಚೊಯುಂಗ್ ಎಕ್‌ನ 129 ಗುಂಡಿಗಳಲ್ಲಿ 86ನ್ನು 1980ರಲ್ಲಿ ತೋಡಿ ಸುಮಾರು 8,985 ಜನರ ಅವಶೇಷ ತೆಗೆದರು. 1988ರಲ್ಲಿ ಸ್ತೂಪ ಕಟ್ಟಿ ಅದರಲ್ಲಿ ಇಟ್ಟರು. ಖಮೇರ್ ಬೌದ್ಧರಲ್ಲಿ ಸತ್ತವರನ್ನು ಸುಡಬೇಕು, ಇಲ್ಲದಿದ್ದರೆ ಜೀವಕ್ಕೆ ಬಿಡುಗಡೆ ಇಲ್ಲ. ಅವರಲ್ಲಿ ಪ್ಚುಮ್ ಬೆನ್ ಅಂತ ಹದಿನೈದು ದಿನದ ಹಬ್ಬ ಇದೆ. ನಮ್ಮ ಪಿತೃಪಕ್ಷದ್ದೇ ದಿನಗಳು, ನಮ್ಮ ಮಹಾಲಯ ಅಮಾವಾಸ್ಯೆಯ ಹೊತ್ತಿಗೇ ಮುಗಿಯುತ್ತದೆ, ಅವರೂ ಅನ್ನದ ಉಂಡೆ ಇಡುತ್ತಾರೆ. ಯಾವ ಗುಂಡಿಯಲ್ಲಿ ಯಾರಿದ್ದಾರೆ ಅಂತ ಗೊತ್ತಿಲ್ಲದವರು ಹಲವು ವಿಹಾರಗಳಿಗೆ ಹೋಗಿ ಇಡುತ್ತಾರೆ. ಹೀಗಿರುವಾಗ ಮೂಳೆಯನ್ನು ಗಾಜಿನ ಹಿಂದೆ ಇಡುವುದು ಸರಿಯಾ? ರಾಜನಾಗಿದ್ದಾಗ ನರೋದಮ್ ಸಿಹಾನುಕ್ ಸುಟ್ಟು ಮುಕ್ತಿ ಕೊಡಿ ಅಂದರು. ಹುನ್ ಸೆನ್ ಸಾಕ್ಷಿ ಬೇಕು, ಇರಲಿ ಅಂದರು. ಇಲ್ಲಿ ನಾನು ಮನಸ್ಸಿಲ್ಲದ ಮನಸ್ಸಿನಿಂದ ಹುನ್ ಸೆನ್ ಕಡೆ. ಇದು ನಡೆದೇ ಇಲ್ಲ ಅನ್ನುವವರು ಇರುವಷ್ಟು ದಿನ ಮೂಳೆ ಬೇಕು. ಆದರೆ ಕೋರ್ಟು ಮುಗಿದಿದೆ. ಎಲ್ಲವನ್ನೂ ಇಡಲೇಬೇಕಾ, ಒಂದು ಪಾಲನ್ನು ಭಿಕ್ಷುಗಳ ಕೈಗೆ ಕೊಡಬಹುದಾ ಅಂತ ಆ ಮನೆಗಳವರನ್ನು ಕೂರಿಸಿ ಕೇಳುವ ಹೊತ್ತು ಬಂದಿದೆ. 2025ರ ಜುಲೈನಲ್ಲಿ ತುವೋಲ್ ಸ್ಲೆಂಗ್, ಚೊಯುಂಗ್ ಎಕ್, ಖಮೇರ್ ರೂಜ್‌ನ ಇನ್ನೊಂದು ಜೈಲು ಎಂ-13, ಈ ಮೂರೂ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲಂತೂ ಬರುವವರು ಜಾಸ್ತಿಯೇ ಆಗುತ್ತಾರೆ.

ಇನ್ನು ಮುಂದೆ ಇಂಥ ಯಾವುದೇ ಜಾಗಕ್ಕೆ ಹೋದರೂ, ಕಾಂಬೋಡಿಯಾ ಅಂತಲ್ಲ, ನಾನು ಹುಡುಕುವುದು ಒಂದನ್ನೇ: ಕತೆ ಎಲ್ಲಿ ಶುರುವಾಗುತ್ತದೆ, ಎಲ್ಲಿ ನಿಲ್ಲುತ್ತದೆ. 1975ರ ಏಪ್ರಿಲ್‌ನಲ್ಲಿ ಶುರುವಾಗಿ 1979ರ ಜನವರಿಗೆ ಟಕ್ ಅಂತ ನಿಂತರೆ ಏನೋ ಮುಚ್ಚಿಟ್ಟಿದ್ದಾರೆ ಅಂತ ತಿಳಿಯಿರಿ. ಮೊದಲು, 1973ರವರೆಗೆ, ಅಮೆರಿಕದ ವಿಮಾನಗಳು ಆ ದೇಶದ ಮೇಲೆ ಸುಮಾರು ಐದು ಲಕ್ಷ ಟನ್ ಬಾಂಬ್ ಸುರಿದಿದ್ದವು, ಹಳ್ಳಿಯ ಹುಡುಗರು ಖಮೇರ್ ರೂಜ್ ಸೇರಲು ಅದೂ ಒಂದು ಕಾರಣ. ನಡುವೆ ಚೀನಾ ಸಹಾಯ ಇತ್ತು. ಆಮೇಲೆ ಗಡಿಯ ಕಾಡಿನಲ್ಲಿ ಇಪ್ಪತ್ತು ವರ್ಷ ಅವರನ್ನು ಜೀವಂತ ಇಟ್ಟವರು ಹಲವರು. ನಮ್ಮಲ್ಲಿ ವಾಟ್ಸ್ಆ್ಯಪ್‌ನಲ್ಲಿ ಕಾಂಬೋಡಿಯಾದ ಬುರುಡೆ ಫೋಟೋ ಹಾಕಿ ‘ನೋಡಿ ಎಡಪಂಥ’ ಅಂತ ಒಬ್ಬರು, ‘ನೋಡಿ ಅಮೆರಿಕ’ ಅಂತ ಇನ್ನೊಬ್ಬರು ಕಳಿಸುತ್ತಾರೆ. ಇಬ್ಬರಿಗೂ ಆ ಬುರುಡೆ ಯಾರದು ಅಂತ ತಿಳಿಯುವ ಆಸಕ್ತಿ ಇಲ್ಲ. ಅಲ್ಲಿನ ಶಾಲೆಗಳ ಪಾಡೂ ಬಹಳ ಕಾಲ ಹೀಗೇ ಇತ್ತು. 2002ರಲ್ಲಿ ಹನ್ನೆರಡನೇ ತರಗತಿಯ ಪುಸ್ತಕದಿಂದ ಇತ್ತೀಚಿನ ಚರಿತ್ರೆಯನ್ನೇ ವಾಪಸ್ ತೆಗೆದರು, ಪಕ್ಷಗಳ ಜಗಳಕ್ಕೆ. 2007ರಲ್ಲಿ ಕಾಂಬೋಡಿಯಾ ಡಾಕ್ಯುಮೆಂಟೇಶನ್ ಸೆಂಟರ್ ತಾನೇ ಒಂದು ಪಠ್ಯ ತಂದ ಮೇಲೆ ಸ್ವಲ್ಪ ಸರಿಹೋಯಿತು.

ಕೊನೆಗೆ ನಿಮ್ಮ ಮಗಳ ಪ್ರಾಜೆಕ್ಟ್. ಆ ಫೋಟೋಗಳ ಕತೆ ಅವಳಿಗೆ ಮೊದಲು ಗೊತ್ತಿರಲಿ. ಅವನ್ನು ತೆಗೆದವರು ಕೊಂದವರೇ, ಫೈಲಿಗೆ ಅಂತ. 1997ರಲ್ಲಿ ಅದರಲ್ಲಿ 22 ಫೋಟೋಗಳನ್ನು ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಗೋಡೆಗೆ ತೂಗುಹಾಕಿತು. ಹೆಸರಿಲ್ಲದ ಮುಖಗಳು, ಕಲೆ ನೋಡಲು ಬಂದವರ ಎದುರಿಗೆ. 2021ರ ಏಪ್ರಿಲ್‌ನಲ್ಲಿ ಐರ್ಲೆಂಡ್‌ನ ಕಲಾವಿದನೊಬ್ಬ ಕೆಲವು ಫೋಟೋಗಳಿಗೆ ಬಣ್ಣ ಹಾಕಿದ, ಅಲ್ಲಿಗೇ ನಿಲ್ಲದೆ ಕೆಲವರ ಮುಖಕ್ಕೆ ನಗುವನ್ನೂ ಸೇರಿಸಿದ. ವೈಸ್ ಅನ್ನುವ ತಾಣ ಪ್ರಕಟಿಸಿತು. ಮನೆಯವರು ಗುರುತು ಹಿಡಿದು ಗಲಾಟೆ ಮಾಡಿದರು, ಕಾಂಬೋಡಿಯಾದ ಸಂಸ್ಕೃತಿ ಸಚಿವಾಲಯ ಪ್ರತಿಭಟಿಸಿತು, ಲೇಖನ ಇಳಿಸಿದರು. ಹಾಗಾಗಿ ನೆಟ್‌ನಲ್ಲಿ ಬಣ್ಣದ ಫೋಟೋ ಸಿಕ್ಕರೆ ಅದನ್ನು ಮುಟ್ಟಬೇಡಿ ಅಂತ ಹೇಳಿ.

ಮೂವತ್ತು ಮುಖಗಳ ಕೊಲಾಜ್ ಬೇಡ. ಒಬ್ಬರನ್ನು ಆರಿಸಲಿ, ಹೆಸರು ಗೊತ್ತಿರುವವರನ್ನು. ಹೌಟ್ ಬೊಫಾನಾ ಅಂತ ಒಬ್ಬ ಹೆಂಗಸು, 1977ರ ಮಾರ್ಚ್ 18ರಂದು ಎಸ್-21ರ ಕೈದಿಯಾಗಿಯೇ ಕೊಲೆಯಾದಳು. ಗಂಡ ಲಿ ಸಿಥಾಗೆ ಅವಳು ಬರೆದ ಪ್ರೇಮಪತ್ರಗಳು ಸಿಕ್ಕಿಬಿದ್ದು ಫೈಲಿನಲ್ಲಿ ಉಳಿದವು. ಅವರ ರಾಮಾಯಣ ರಿಯಾಮ್‌ಕೇರ್, ಅದರ ಸೀತೆಯ ಹೆಸರಿನಲ್ಲಿ ಅವಳು ಸಹಿ ಹಾಕುತ್ತಿದ್ದಳು. ಕನ್ನಡದ ಹುಡುಗಿಗೆ ಇದನ್ನು ವಿವರಿಸುವ ಕೆಲಸವೇ ಇರುವುದಿಲ್ಲ. ನೋಮ್ ಪೆನ್‌ನಲ್ಲಿ ಅವಳ ಹೆಸರಿನ ಬೊಫಾನಾ ಸೆಂಟರ್ 2006ರಿಂದ ಇದೆ, ಹಳೆಯ ಫಿಲ್ಮು, ಧ್ವನಿ, ಫೋಟೋಗಳನ್ನು ಅಲ್ಲಿ ಯಾರು ಬೇಕಾದರೂ ದುಡ್ಡು ಕೊಡದೆ ನೋಡಬಹುದು. ಫೋಟೋ ಚಿಕ್ಕದಾಗಿರಲಿ, ಮುಖಪುಟಕ್ಕೆ ಬೇಡ. ಕೆಳಗೆ ಯಾರು ತೆಗೆದಿದ್ದು, ಯಾಕೆ ತೆಗೆದಿದ್ದು ಅಂತ ಎರಡು ಸಾಲು ಅವಳ ಕೈಯಲ್ಲೇ ಬರೆಸಿ. ಅಷ್ಟು ಬರೆಯಲು ಚಾರ್ಟ್‌ನಲ್ಲಿ ಜಾಗ ಇಲ್ಲ ಅಂದರೆ ಬುರುಡೆಗಳ ಫೋಟೋ ತೆಗೆದುಹಾಕಿ ಜಾಗ ಮಾಡಿಕೊಳ್ಳಲಿ.